ಒಂದೇ ಒಂದು ಕೊಡಿ

ಬೆಂಗಳೂರಿನ ಹಳೆಯ ಪೇಟೆಯಲ್ಲಿ, ಪುರಭವನಕ್ಕೂ ಅವೆನ್ಯೂ ರಸ್ತೆಗೂ ನಡುವೆ, ಒಂದು ಇಕ್ಕಟ್ಟಾದ ರಸ್ತೆಯಿದೆ. ಹೆಸರು ಸಾದರ ಪತ್ರಪ್ಪ ರಸ್ತೆ. ಜನರ ಬಾಯಲ್ಲಿ ಎಸ್.ಪಿ. ರೋಡ್. ನಾನು ಮೊದಲ ಸಲ ಅಲ್ಲಿಗೆ ಹೋದದ್ದು 1979ರಲ್ಲಿ, ಅಜ್ಜಿಯ ರೇಡಿಯೊಕ್ಕೆ ಎರಡು ಟ್ರಾನ್ಸಿಸ್ಟರ್ ತರಲು. ಆಗ ನಾನು ಅರಸೀಕೆರೆಯಲ್ಲಿ ಪಿ.ಯು.ಸಿ. ಓದುತ್ತಿದ್ದೆ.

ಅಜ್ಜಿಗೆ ಎರಡೂ ಕಣ್ಣು ಮಂಜಾಗಿ ವರ್ಷಗಳಾಗಿದ್ದವು. ಬೆಳಗಿನ ವಾರ್ತೆ ಬಂದರೆ ಅವಳಿಗೆ ಬೆಳಗಾಯಿತು, ರಾತ್ರಿಯ ನಾಟಕ ಮುಗಿದರೆ ಮಲಗುವ ಹೊತ್ತಾಯಿತು. ಒಂದು ದಿನ ರೇಡಿಯೊ ಗೊರಗೊರ ಎಂದು ಸುಮ್ಮನಾಯಿತು. ಪೇಟೆಯ ರಿಪೇರಿಯವನು ಮುಚ್ಚಳ ತೆಗೆದು ನೋಡಿ ಅರವತ್ತು ರೂಪಾಯಿ ಕೇಳಿದ. ಅರವತ್ತು ರೂಪಾಯಿ ನಮ್ಮ ಮನೆಯಲ್ಲಿ ಆಗ ಒಂದು ತಿಂಗಳ ದಿನಸಿ. ಆ ವರ್ಷದ ಲೈಸೆನ್ಸ್ ದುಡ್ಡನ್ನು ಅಪ್ಪ ಆಗಲೇ ಅಂಚೆ ಕಚೇರಿಯಲ್ಲಿ ಕಟ್ಟಿ ಬಂದಿದ್ದರು. ಆ ದಿನಗಳಲ್ಲಿ ರೇಡಿಯೊ ಇಟ್ಟುಕೊಂಡವರೆಲ್ಲ ಲೈಸೆನ್ಸ್ ಕಟ್ಟಬೇಕಾಗಿತ್ತು. ಅದು ಹಾಡುತ್ತದೆಯೋ ಇಲ್ಲವೋ ಎಂದು ಸರ್ಕಾರ ಕೇಳುತ್ತಿರಲಿಲ್ಲ.

ನಾನು ಆಗಷ್ಟೇ ಬೆಸುಗೆ ಕಡ್ಡಿ ಹಿಡಿಯಲು ಕಲಿತಿದ್ದೆ. ಕೆಟ್ಟದ್ದು ಧ್ವನಿಯನ್ನು ದೊಡ್ಡದು ಮಾಡುವ ಕೊನೆಯ ಜೋಡಿ, ಎಸಿ 187 ಮತ್ತು ಎಸಿ 188 ಎಂಬ ಜರ್ಮೇನಿಯಂ ಟ್ರಾನ್ಸಿಸ್ಟರುಗಳು ಎಂದು ಹೇಗೋ ಪತ್ತೆ ಹಚ್ಚಿದೆ. ಅಮ್ಮ ಇಪ್ಪತ್ತು ರೂಪಾಯಿ ಕೊಟ್ಟಳು. ಬೆಂಗಳೂರಿಗೆ ಹೋಗಿ, ಎಲ್ಲಕ್ಕಿಂತ ಅಗ್ಗವಾಗಿ ಕೊಟ್ಟ ಅಂಗಡಿಯಲ್ಲಿ ಒಂದು ಜೋಡಿ ಕೊಂಡು, ಗೆದ್ದವನ ಹಾಗೆ ಊರಿಗೆ ಬಂದೆ. ಕೂರಿಸಿ ಸ್ವಿಚ್ ಹಾಕಿದರೆ ಒಂದು ನಿಮಿಷ ಒಡಕು ದನಿ, ಆಮೇಲೆ ಅದೂ ಇಲ್ಲ. ಅಜ್ಜಿ ಏನೂ ಅನ್ನಲಿಲ್ಲ. ಮರುದಿನವೂ ವಾರ್ತೆಯ ಹೊತ್ತಿಗೆ ಸರಿಯಾಗಿ ಬಂದು ಆ ಮೂಕ ಪೆಟ್ಟಿಗೆಯ ಪಕ್ಕದಲ್ಲಿ ಕುಳಿತಳು. ಬೈದಿದ್ದರೆ ವಾಸಿಯಿತ್ತು.

ಒಂದು ವಾರದ ಮೇಲೆ ಸೆರಗಿನ ಗಂಟು ಬಿಚ್ಚಿ ಒಂದು ಹತ್ತರ ನೋಟು ನನ್ನ ಕೈಗಿಟ್ಟು, "ಇನ್ನೊಂದು ಸಲ ಹೋಗಿ ಬಾ ಮಗ" ಎಂದಳು. ಅವಳ ಹತ್ತಿರ ಇನ್ನೊಂದು ನೋಟು ಇರಲಿಲ್ಲವೆಂದು ನನಗೆ ಗೊತ್ತಿತ್ತು.

ಈ ಸಲ ಅಗ್ಗದ ಅಂಗಡಿ ಹುಡುಕಲಿಲ್ಲ. ರಿಪೇರಿಯವರು ಗುಂಪಾಗಿ ನಿಂತಿದ್ದ ಒಂದು ಪುಟ್ಟ ಅಂಗಡಿಯ ಮುಂದೆ ನಿಂತೆ. ಬಿಳಿ ಟೋಪಿಯ ವಯಸ್ಸಾದ ಸಾಬರೊಬ್ಬರು ಕುಳಿತಿದ್ದರು. ಅವರ ಹಿಂದೆ ಗೋಡೆಯುದ್ದಕ್ಕೂ ಪಂಚಾಂಗದ ಮನೆಗಳಂಥ ಸಣ್ಣ ಸಣ್ಣ ಡಬ್ಬಿಗಳು. ನನ್ನ ಕತೆ ಕೇಳಿ, "ಆ ಜೋಡಿ ತಂದಿದ್ದೀಯೇನು ತಮ್ಮಾ?" ಎಂದರು. ತಂದಿದ್ದೆ. ಮೀಟರಿನ ಎರಡು ಕಡ್ಡಿಗಳನ್ನು ಎಸಿ 188ರ ಕಾಲುಗಳಿಗೆ ಮುಟ್ಟಿಸಿ ತೋರಿಸಿದರು. ಹೇಗೆ ಹಿಡಿದರೂ ಮುಳ್ಳು ಮೇಲಕ್ಕೆ ಹೋಗುತ್ತಿತ್ತು. "ಇದು ತೂತು ಬಿಂದಿಗೆ. ಎಷ್ಟು ಸುರಿದರೂ ಸೋರುತ್ತೆ. ಇನ್ನೊಂದು ಚೆನ್ನಾಗಿದೆ" ಎಂದರು. ಆಮೇಲೆ ತಮ್ಮ ಡಬ್ಬಿಯಿಂದ ಒಂದು ಒಳ್ಳೆಯದನ್ನು ತೆಗೆದು, ಅದೇ ರೀತಿ ಮೀಟರಿಗೆ ಹಿಡಿದು, ಬೆರಳಿನಲ್ಲಿ ಮೆಲ್ಲಗೆ ಒತ್ತಿಕೊಂಡರು. ನಿಂತಿದ್ದ ಮುಳ್ಳು ಮೈಶಾಖಕ್ಕೆ ಕೊಂಚವೇ ಏರಿತು. "ಜರ್ಮೇನಿಯಂ ಅಂದರೆ ಇಷ್ಟು. ಬೆಚ್ಚಗಾದರೆ ಒಂದು ಚೂರು ಸೋರಬೇಕು, ಜಾಸ್ತಿ ಸೋರಬಾರದು."

"ಹಾಗಾದರೆ ಒಂದೇ ಒಂದು ಕೊಡಿ" ಎಂದೆ. ಪಕ್ಕದಲ್ಲಿದ್ದವರು ನಕ್ಕರು. ಅದು ಜೋಡಿಯಾಗಿಯೇ ಮಾರುವ ಮಾಲು; ಒಂದನ್ನು ಕೊಟ್ಟರೆ ಉಳಿದದ್ದು ಒಂಟಿ ಚಪ್ಪಲಿ. ಸಾಬರು ನಗಲಿಲ್ಲ. ನಾಲ್ಕು ಜೋಡಿ ಬಿಚ್ಚಿ, ಒಂದೊಂದನ್ನೇ ಅಳೆದು, ನನ್ನದಕ್ಕೆ ಹತ್ತಿರವಾದದ್ದನ್ನು ಆರಿಸಿ ಕಾಗದದಲ್ಲಿ ಸುತ್ತಿ ಕೊಟ್ಟರು. ಮೂರು ರೂಪಾಯಿ. ಅವರಿಗೆ ಅದರಲ್ಲಿ ಉಳಿದದ್ದು ಹತ್ತಿಪ್ಪತ್ತು ಪೈಸೆಯಿದ್ದೀತು. ಕಳೆದದ್ದು ಕಾಲು ಗಂಟೆ.

ಆ ಸಂಜೆ ರೇಡಿಯೊ ಹಾಡಿತು. ಅಜ್ಜಿ ತಲೆ ವಾಲಿಸಿ ಕೇಳಿ, "ಸ್ವಲ್ಪ ನೆಗಡಿಯಾದ ಹಾಗಿದೆ, ಹೋಗಲಿ ಬಿಡು" ಎಂದಳು. ಆ ನೆಗಡಿಯ ದನಿಯಲ್ಲೇ ಅವಳು ಇನ್ನೂ ಮೂರು ವರ್ಷ ವಾರ್ತೆ ಕೇಳಿದಳು.

ಆಮೇಲೆ ಅದೇ ನನ್ನ ಹವ್ಯಾಸವಾಯಿತು, ಕೊನೆಗೆ ಹೊಟ್ಟೆಪಾಡೂ ಆಯಿತು. ಮುಂಬಯಿಯ ಲ್ಯಾಮಿಂಗ್ಟನ್ ರೋಡ್, ದೆಹಲಿಯ ಕೆಂಪುಕೋಟೆಯ ಎದುರಿನ ಲಜಪತ್ ರಾಯ್ ಮಾರುಕಟ್ಟೆ, ಚೆನ್ನೈನ ರಿಚಿ ಸ್ಟ್ರೀಟ್ ಎಲ್ಲ ಸುತ್ತಿದೆ. ಎಲ್ಲ ಕಡೆಯೂ ಒಂದೇ ನೋಟ: ಹಳೆಯ ಪೇಟೆ, ಅಂಗೈಯಗಲದ ಅಂಗಡಿ, ಬಿಡಿಯಾಗಿ ಕೊಡುವ ವ್ಯಾಪಾರಿ. ಟೋಕಿಯೊದ ಅಕಿಹಾಬಾರಾ ಕೂಡ ಹುಟ್ಟಿದ್ದು ಹೀಗೆಯೇ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಸೈನ್ಯದಿಂದ ಹೊರಬಿದ್ದ ವಾಲ್ವುಗಳನ್ನೂ ಬಿಡಿಭಾಗಗಳನ್ನೂ ಮಾರುವ ಗೂಡಂಗಡಿಗಳು ಅಲ್ಲಿ ಎದ್ದವು. ಹತ್ತಿರದ ವಿದ್ಯುತ್ ಶಾಲೆಯ ಹುಡುಗರು ಕೊಂಡು ತಾವೇ ರೇಡಿಯೊ ಕಟ್ಟಿದರು. ನಮ್ಮ ದೇಶದ ಹವ್ಯಾಸಿ ರೇಡಿಯೊದವರೂ ಯುದ್ಧದ ಗುಜರಿಯಿಂದಲೇ ಬೆಳೆದವರು.

ಬೆಂಗಳೂರಿಗೆ ಇನ್ನೊಂದು ಬಲವಿತ್ತು. 1948ರಲ್ಲಿ ಐ.ಟಿ.ಐ. ಬಂತು, 1954ರಲ್ಲಿ ಜಾಲಹಳ್ಳಿಯ ಬಿ.ಇ.ಎಲ್. ಬಂತು. ಅರವತ್ತರ ದಶಕದಿಂದ ಬಿ.ಇ.ಎಲ್. ಟ್ರಾನ್ಸಿಸ್ಟರನ್ನೂ ತಯಾರಿಸಿತು. ಹೊರದೇಶದ ಮಾಲಿಗೆ ಲೈಸೆನ್ಸು, ಸುಂಕ ಎಂದು ನೂರೆಂಟು ಅಡ್ಡಿಯಿದ್ದ ಕಾಲದಲ್ಲಿ ಹಳ್ಳಿಯ ಹುಡುಗನೊಬ್ಬನ ಕೈಗೆ ಮೂರು ರೂಪಾಯಿಗೆ ಟ್ರಾನ್ಸಿಸ್ಟರ್ ಸಿಕ್ಕಿದ್ದರ ಹಿಂದೆ ಇಂಥ ಕಾರ್ಖಾನೆಗಳಿದ್ದವು. 1969ರಲ್ಲಿ ದೆಹಲಿಯಿಂದ ಹೊರಟ 'ಇಲೆಕ್ಟ್ರಾನಿಕ್ಸ್ ಫಾರ್ ಯೂ' ಪತ್ರಿಕೆಯನ್ನು ಮಡಿಚಿ ಹಿಡಿದು, ಅದರಲ್ಲಿನ ಪಟ್ಟಿಯನ್ನು ಓದಿ ಹೇಳುವ ಹುಡುಗರು ಆ ರಸ್ತೆಯಲ್ಲಿ ಎಷ್ಟೋ ಜನ ಕಾಣುತ್ತಿದ್ದರು. ಎಸ್ಎಲ್ 100, ಎಸ್ಕೆ 100 ಎಂದರೆ ಅಂಗಡಿಯವರು ಡಬ್ಬಿ ನೋಡದೆಯೇ ಕೈ ಹಾಕುತ್ತಿದ್ದರು.

ಆದರೆ ಬಿಡಿಯಾಗಿ ಮಾರುವುದು ಲಾಭದ ಕೆಲಸವಲ್ಲ. ಹತ್ತು ಪೈಸೆಯ ರೆಸಿಸ್ಟರಿಗಾಗಿ ಬರುವ ನಮ್ಮಂಥವರನ್ನು ಅವರು ಹೇಗೆ ಸಹಿಸಿದರು ಎಂಬುದು ನನಗೆ ಬಹುಕಾಲ ಹೊಳೆದಿರಲಿಲ್ಲ. ನಮ್ಮನ್ನು ಸಾಕಿದವನು ರಿಪೇರಿಯವನು. 1981ರಲ್ಲಿ ಬೆಂಗಳೂರು ದೂರದರ್ಶನ ಶುರುವಾಯಿತು, 1982ರ ಏಷ್ಯನ್ ಕ್ರೀಡಾಕೂಟದೊಂದಿಗೆ ಬಣ್ಣ ಬಂತು. ಊರೂರಲ್ಲಿ ರಿಪೇರಿ ಅಂಗಡಿಗಳು ಎದ್ದವು. ಅವರು ನೂರರ ಲೆಕ್ಕದಲ್ಲಿ ಕೊಂಡರು. ಆ ನೂರು ಇದ್ದುದರಿಂದಲೇ ನಮಗೆ ಒಂದು ಸಿಕ್ಕಿತು. ಆಲದ ಮರದ ನೆರಳಲ್ಲಿ ಗರಿಕೆ ಬದುಕಿದ ಹಾಗೆ. ಅಪ್ಪನಿಗೆ ಅರವತ್ತು ರೂಪಾಯಿ ಹೇಳಿದವನ ಮೇಲೆ ನನಗಿದ್ದ ಸಿಟ್ಟು ಇದನ್ನು ತಿಳಿದ ದಿನ ಇಳಿಯಿತು. ನನ್ನ ಮೂರು ರೂಪಾಯಿಯ ಭಾಗ್ಯದಲ್ಲಿ ಅವನ ಪಾಲೂ ಇತ್ತು.

1991ರ ನಂತರ ಬಾಗಿಲು ತೆರೆಯಿತು. 1997ರಲ್ಲಿ ಭಾರತ ಮಾಹಿತಿ ತಂತ್ರಜ್ಞಾನದ ಸುಂಕ ಒಪ್ಪಂದಕ್ಕೆ ಸೇರಿತು. 2005ರ ಹೊತ್ತಿಗೆ ಬಹಳಷ್ಟು ಬಿಡಿಭಾಗಗಳ ಮೇಲಿನ ಆಮದು ಸುಂಕ ಸೊನ್ನೆಯಾಯಿತು. ಚೀನಾದ ಶೆನ್‌ಜೆನ್ ಕಡೆಯಿಂದ ಮಾಲು ಹೊಳೆಯಾಗಿ ಬಂತು. ಬೆಲೆ ಬಿತ್ತು, ನಿಜ. ಅದರ ಜೊತೆಗೇ ರಿಪೇರಿಯೂ ಬಿತ್ತು. ಇಡೀ ರೇಡಿಯೊ ಒಂದೇ ಚಿಪ್ಪಿನೊಳಗೆ ಸೇರಿದ ಮೇಲೆ, ಕೆಟ್ಟದ್ದನ್ನು ಎಸೆದು ಹೊಸದನ್ನು ತರುವುದೇ ಅಗ್ಗವಾದ ಮೇಲೆ, ರಿಪೇರಿಯವನಿಗೆ ಏನು ಕೆಲಸ? ಎಸ್.ಪಿ. ರೋಡಿನ ಡಬ್ಬಿಗಳ ಜಾಗಕ್ಕೆ ಕಂಪ್ಯೂಟರು, ಆಮೇಲೆ ಕಾವಲು ಕ್ಯಾಮೆರಾ, ದೀಪದ ಸರ ಬಂದವು. ಸಾಬರ ಅಂಗಡಿಯಿದ್ದ ಜಾಗದಲ್ಲಿ ಈಗ ಮೊಬೈಲಿನ ಕವಚ ಮಾರುತ್ತಾರೆ.

ಹಾಗೆಂದು ಎಲ್ಲ ಮುಗಿಯಿತೆಂದು ಅಳುವವನು ನಾನಲ್ಲ. 2005ರಲ್ಲಿ ಇಟಲಿಯಲ್ಲಿ ಆರ್ಡುಯಿನೊ ಎಂಬ ಪುಟ್ಟ ಹಲಗೆ ಹುಟ್ಟಿತು. ಅಂಥದ್ದನ್ನು ಹಿಡಿದು ರೋಬೋ ಕಟ್ಟುವ ಎಂಜಿನಿಯರಿಂಗ್ ಹುಡುಗ ಹುಡುಗಿಯರು ಈಗ ಅಳಿದುಳಿದ ಡಬ್ಬಿ ಅಂಗಡಿಗಳ ಮುಂದೆ ನಿಲ್ಲುತ್ತಾರೆ. ರಿಪೇರಿಯವನು ಕೊಟ್ಟ ನೆರಳನ್ನು ಇವರು ಕೊಡುತ್ತಿದ್ದಾರೆ. ಅವರು ಕೇಳಿದರೆ ನಾನು ಹೇಳುವುದು ಮೂರೇ ಮಾತು: ಮೊದಲು ಮೀಟರ್ ಕೊಳ್ಳಿ, ಮಿಕ್ಕದ್ದು ಆಮೇಲೆ. ಕಾಲಿಗೆ ಹಳೆಯ ಬೆಸುಗೆ ಅಂಟಿದೆಯೇ, ಮೇಲಿನ ಅಕ್ಷರ ಅಳಿಸಿ ಬರೆದ ಹಾಗಿದೆಯೇ ನೋಡಿ. ಎಲ್ಲರಿಗಿಂತ ಅಗ್ಗವಾಗಿ ಕೊಡುವವನ ಹತ್ತಿರವಲ್ಲ, ನಿಮ್ಮೆದುರಿಗೆ ಅಳೆದು ಕೊಡುವವನ ಹತ್ತಿರ ಕೊಳ್ಳಿ. ಕೊನೆಯ ಮಾತನ್ನು ಕಲಿಯಲು ನನಗೆ ಅಜ್ಜಿಯ ಹತ್ತು ರೂಪಾಯಿ ಬೇಕಾಯಿತು.

ಈಚೆಗೆ ಪಕ್ಕದ ಮನೆಯ ಹುಡುಗಿಗೆ ಕಾಲೇಜಿನ ಪ್ರಾಜೆಕ್ಟಿಗೆ ಒಂದು 7805 ಬೇಕಿತ್ತು. ಐದು ವೋಲ್ಟನ್ನು ಸ್ಥಿರವಾಗಿ ಕೊಡುವ ಮೂರು ಕಾಲಿನ ಚಿಪ್ಪು ಅದು. ಕಂಪ್ಯೂಟರಿನಲ್ಲಿ ತರಿಸಲು ನೋಡಿದರೆ ಮಾಲಿನ ಬೆಲೆಗಿಂತ ಕೊರಿಯರ್ ಖರ್ಚೇ ಹೆಚ್ಚು. ಎಸ್.ಪಿ. ರೋಡಿಗೆ ಕಳಿಸಿದೆ. ಸಂಜೆ ಬಂದಳು.

"ಒಂದೇ ಒಂದು ಕೊಟ್ಟರೇನಮ್ಮ?" ಎಂದು ಕೇಳಿದೆ.

"ಇಲ್ಲ ಅಂಕಲ್. ಏನು ಮಾಡ್ತಾ ಇದ್ದೀಯಮ್ಮಾ ಅಂತ ಕೇಳಿದರು, ಹೇಳಿದೆ. ಎರಡು ತಗೊಂಡು ಹೋಗು, ಮೊದಲನೆಯದನ್ನ ಹೇಗೂ ಸುಡ್ತೀಯ ಅಂದರು."

"ಸುಟ್ಟೆಯಾ?"

"ಬಸ್ಸಿನಿಂದ ಈಗ ತಾನೇ ಇಳಿದೆ ಅಂಕಲ್" ಎಂದಳು. "ಇವತ್ತು ರಾತ್ರಿ ಸುಡ್ತೀನಿ."