ಇರಲಿ

ಕನ್ನಡಿಗರ ಬಾಯಲ್ಲಿ ‘ಇರಲಿ’ ದಿನಕ್ಕೆ ಎಷ್ಟು ಸಲ ಬರುತ್ತದೋ! ಅಂಗಡಿಯಲ್ಲಿ ಚಿಲ್ಲರೆ ಸಿಗದಿದ್ದರೆ ‘ಇರಲಿ ಬಿಡಿ’. ಬಸ್ಸಿನಲ್ಲಿ ಕಾಲು ತುಳಿದವರು ಕೈ ಮುಗಿದರೆ ‘ಇರಲಿ, ಇರಲಿ’. ಧಾರವಾಡದ ಕಡೆ ‘ಇರ್ಲಿ ತಗೋರಿ’, ಮಂಗಳೂರಲ್ಲಿ ‘ಇರ್ಲಿ ಮಾರಾಯ’. ಅವನಿರಲಿ, ಅವಳಿರಲಿ, ಅವೆಲ್ಲ ಇರಲಿ: ಲಿಂಗ ವಚನ ಏನೇ ಆಗಲಿ, ಪದ ಅಲುಗುವುದಿಲ್ಲ. ಹಳಗನ್ನಡದಲ್ಲಿ ‘ಬಾಳ್ಗೆ’, ‘ಗೆಲ್ಗೆ’ ಎಂದು ಹರಸುತ್ತಿದ್ದ ‘ಗೆ’ಯ ಕೆಲಸವನ್ನು ಇಂದು ‘ಸುಖವಾಗಿರಲಿ’ ಎಂಬಲ್ಲಿನ ‘ಲಿ’ ಮಾಡುತ್ತದೆ. ಕ್ಷಮೆಗೂ ಹರಕೆಗೂ ಒಂದೇ ಪದ ಸಾಕಾಗುವ ಭಾಷೆ ನನ್ನದು ಎಂಬುದು ನನಗೆ ಹೆಮ್ಮೆ.

ಇದೇ ಪದ ನಮ್ಮ ಅಟ್ಟಗಳನ್ನೂ ತುಂಬಿದೆ. ‘ಒಂದಿರಲಿ ಅಂತ ಇಟ್ಟಿದ್ದೀನಿ’ ಎನ್ನುವ ಮಾತು ಕೇಳದ ಮನೆ ಯಾವುದಿದೆ? ಹಾರ್ಲಿಕ್ಸ್ ಬಾಟಲಿ, ಮಿಕ್ಸಿ ಬಂದಿದ್ದ ರಟ್ಟಿನ ಡಬ್ಬ, ಕಡ್ಡಿ ಮುರಿದ ಕೊಡೆ, ಗ್ಯಾಸ್ ಬಂದ ಮೇಲೆ ನೀರು ಕಾಯಿಸದ ಹಂಡೆ, ಮದುವೆಯಲ್ಲಿ ಬಂದ ಸ್ಟೀಲ್ ಪಾತ್ರೆಗಳು. ಆ ಪಾತ್ರೆಗಳ ಮೇಲೆ ಕೊಟ್ಟವರ ಹೆಸರು ಕೊರೆಸಿದೆ. ಮುಂದೆ ಯಾರಿಗೆ ಎಂಬುದು ಎಲ್ಲೂ ಬರೆದಿಲ್ಲ. ಇದನ್ನು ಆಸೆಬುರುಕತನ ಎನ್ನುವವರನ್ನು ನಾನು ಒಪ್ಪಲಾರೆ. ರೇಷನ್ ಸಕ್ಕರೆಗೂ ಸೀಮೆಎಣ್ಣೆಗೂ ಸಾಲು ನಿಂತು ಸಂಸಾರ ತೂಗಿಸಿದವರಿಗೆ ಖಾಲಿ ಬಾಟಲಿಯೂ ಮುಂದಿನ ತಿಂಗಳ ಧೈರ್ಯವಾಗಿತ್ತು.

ಆದರೆ ಹಿರಿಯರು ಹೋದ ಮೇಲೆ ಆ ಮನೆಗೆ ಬಾಗಿಲು ತೆರೆದು ಬರುವವರ ಪಾಡನ್ನೂ ನೋಡಬೇಕು. ವೈಕುಂಠ ಸಮಾರಾಧನೆ ಮುಗಿದಿರುತ್ತದೆ, ರಜೆ ಮುಗಿಯುತ್ತಾ ಬಂದಿರುತ್ತದೆ, ಒಬ್ಬರಿಗೆ ಡಲ್ಲಾಸಿನ ವಿಮಾನ, ಇನ್ನೊಬ್ಬರಿಗೆ ಪುಣೆಯ ರೈಲು. ಭಾರವಾಗುವುದು ಹಂಡೆಯ ತೂಕವಲ್ಲ. ಇದನ್ನು ಬಿಸಾಡಿದರೆ ಅಮ್ಮನನ್ನೇ ಬಿಸಾಡಿದಂತಾಗುತ್ತದೋ ಏನೋ ಎಂದು ಪ್ರತಿ ಸೌಟಿನ ಮುಂದೆಯೂ ನಿಂತು ತೀರ್ಮಾನಿಸಬೇಕಲ್ಲ, ಅದು. ಸುಸ್ತಾದ ಮೇಲೆ ಗುಜರಿಯವರ ತಕ್ಕಡಿ ಬರುತ್ತದೆ. ಅಲ್ಲಿ ಹಿತ್ತಾಳೆಗೆಲ್ಲ ಒಂದೇ ದರ, ಅಜ್ಜಿಯ ಗಿಂಡಿಗೂ ಮುರಿದ ನಲ್ಲಿಗೂ.

ಹಾಗಾದರೆ ಬದುಕಿದ್ದಾಗಲೇ ಮಾತಾಡಬಾರದಿತ್ತೇ? ಆಡಲು ಹೊರಟ ಹಿರಿಯರನ್ನು ನಾವೇ ತಡೆಯುತ್ತೇವೆ, ಅದೂ ಇದೇ ಪದದಿಂದ. ‘ನನ್ನ ಕಾಲವಾದ ಮೇಲೆ ಈ ಬಳೆ...’ ಎಂದು ಅತ್ತೆ ಬಾಯಿ ತೆರೆದರೆ ‘ಬಿಡ್ತು ಅನ್ನಿ! ಅದಿರಲಿ, ಮಾತ್ರೆ ತಗೊಂಡ್ರಾ?’ ಮುಗಿಯಿತು. ಆ ‘ಅದಿರಲಿ’ಯ ಬೆಲೆ ಮುಂದೆ ಗೊತ್ತಾಗುತ್ತದೆ. ಹತ್ತು ವರ್ಷ ಯಾರೂ ಮುಟ್ಟದ ಠೇವಣಿ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ. ವಾರಸುದಾರರು ಆಮೇಲೂ ಕೇಳಿ ಪಡೆಯಬಹುದು, ಆದರೆ ಅಂಥ ಠೇವಣಿ ಇತ್ತೆಂದು ತಿಳಿದಿರಬೇಕಲ್ಲ? ಅಂಥವನ್ನು ಹುಡುಕಲೆಂದೇ ರಿಸರ್ವ್ ಬ್ಯಾಂಕು 2023ರಲ್ಲಿ ‘ಉದ್ಗಮ್’ ಎಂಬ ಜಾಲತಾಣ ತೆರೆಯಬೇಕಾಯಿತು. ಉಯಿಲಿಗಂತೂ ಛಾಪಾ ಕಾಗದವೂ ಬೇಡ, ನೋಂದಣಿಯೂ ಕಡ್ಡಾಯವಲ್ಲ. ಬರೆದವರ ಸಹಿ, ಇಬ್ಬರು ಸಾಕ್ಷಿಗಳ ಸಹಿ ಬೇಕು.

ನಾನು ಕೇಳಿಕೊಳ್ಳುವುದು ಇಷ್ಟೇ: ಹಿರಿಯರು ‘ಇರಲಿ’ಯನ್ನು ಬಿಡುವುದು ಬೇಡ, ಅದರ ಹಿಂದೆ ಒಬ್ಬರನ್ನು ನಿಲ್ಲಿಸಲಿ. ನಿನಗಿರಲಿ. ಒಂದು ‘ಗೆ’ ಸೇರಿದ ಕೂಡಲೇ ಗಂಟು ಬಳುವಳಿಯಾಗುತ್ತದೆ. ನಮ್ಮ ಹೆಂಗಸರಿಗೆ ಇದು ಹೊಸದಲ್ಲ. ಮೈಸೂರು ಸೀಮೆಯಲ್ಲಿ ಮದುವೆಯಾದ ಮಗಳಿಗೆ ತವರಿನವರು ಪಟ್ಟದ ಗೊಂಬೆಗಳ ಜೋಡಿಯನ್ನು ಕೊಟ್ಟು ಕಳಿಸುತ್ತಾರೆ. ಅವನ್ನು ಕೂರಿಸುವುದು ಹೇಗೆಂದು ಅವಳಿಗೆ ಗೊತ್ತು, ಸೀರೆ ಉಡಿಸುವ ಕೈಯೂ ಜೊತೆಗೇ ಬಂದಿರುತ್ತದೆ.

ಮನೆಯಲ್ಲಿ ಕೇಳುವವರಿಲ್ಲದ್ದು ಊರಿಗಿರಲಿ. ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು ತಮ್ಮಲ್ಲಿದ್ದ ತಾಳೆಗರಿಯ ಕಟ್ಟೊಂದನ್ನು ಮೈಸೂರಿನ ಪ್ರಾಚ್ಯ ಪುಸ್ತಕ ಭಂಡಾರಕ್ಕೆ ಒಪ್ಪಿಸಿದರು. ಆರ್. ಶಾಮಶಾಸ್ತ್ರಿಗಳು ಅದನ್ನು ಓದಿ 1909ರಲ್ಲಿ ಅಚ್ಚು ಹಾಕಿಸಿದಾಗ ಕೌಟಿಲ್ಯನ ಅರ್ಥಶಾಸ್ತ್ರ ಮತ್ತೆ ಲೋಕದ ಕಣ್ಣಿಗೆ ಬಿತ್ತು. ಎಲ್ಲರ ಟ್ರಂಕಿನಲ್ಲೂ ಅರ್ಥಶಾಸ್ತ್ರ ಇರುವುದಿಲ್ಲ, ನಿಜ. ತಾತನ ಪಂಚಾಂಗ, ಊರಿನ ಹಳೆಯ ಲೆಕ್ಕದ ಪುಸ್ತಕ ಇರಬಹುದು. ಅದು ಏನೆಂದು ಹೇಳಬಲ್ಲವರು ಇರುವಾಗಲೇ ಕೊಟ್ಟರೆ ಓದುವವರಿಗೆ ದಾರಿ.

ಎಲ್ಲಿಂದ ಶುರು ಎಂದು ಕೇಳುವವರಿಗೆ ನನ್ನ ಉತ್ತರ: ಫೋಟೋಗಳಿಂದ. ಹಿಂಬದಿಯಲ್ಲಿ ಹೆಸರು, ಊರು, ಇಸವಿ ಬರೆಯಿರಿ. ಮೆದು ಪೆನ್ಸಿಲ್ ಇರಲಿ, ಒತ್ತದೆ ಬರೆಯಿರಿ, ಶಾಯಿಯಾದರೆ ಮುಂಬದಿಗೆ ಇಳಿಯಬಹುದು. ಅಮ್ಮನ ಕೈ ನಡುಗಿದರೆ ಮಕ್ಕಳು ಪಕ್ಕದಲ್ಲಿ ಕೂತು ಬರೆದುಕೊಳ್ಳಲಿ. ಬೀರುವಿನ ಉಳಿದ ಖಾನೆಗಳ ಮಾತು ಅಲ್ಲಿಂದ ತಾನಾಗಿ ಹೊರಡುತ್ತದೆ.