ಹಾನಹಳ್ಳಿಯ ಹೆಸರಿನ ಕಥೆ

ಮೊನ್ನೆ ಭಾನುವಾರ ಅಡಿಲೇಡಿನಿಂದ ಬಸ್ಸು ಹತ್ತಿ ಹಾನ್‌ಡಾರ್ಫ್ ಅನ್ನೋ ಊರಿಗೆ ಹೋಗಿದ್ದೆ. ನಗರದಿಂದ ಸುಮಾರು 28 ಕಿ.ಮೀ., ಗುಡ್ಡದ ಮೇಲಿನ ಪುಟ್ಟ ಊರು. ಒಂದೇ ದೊಡ್ಡ ಬೀದಿ, ಎರಡೂ ಕಡೆ ಸಾಲುಮರ, ಕಲ್ಲಿನ ಹಳೇ ಮನೆಗಳು, ಪ್ರವಾಸಿಗರ ಜಾತ್ರೆ. ಇಂಗ್ಲಿಷರ ನಾಡಲ್ಲಿ ಈ ಜರ್ಮನ್ ಹೆಸರು ಎಲ್ಲಿಂದ ಬಂತು ಅಂತ ಕುತೂಹಲ ಆಯ್ತು. ಹುಡುಕಿ ಓದಿದೆ. ಕಥೆ ನಾನಂದುಕೊಂಡಷ್ಟು ಸರಳ ಇರಲಿಲ್ಲ.

ಪ್ರಷ್ಯಾದ ರಾಜ ಮೂರನೇ ಫ್ರೆಡ್ರಿಕ್ ವಿಲ್ಹೆಲ್ಮ್ ತನ್ನ ರಾಜ್ಯದ ಲೂಥರನ್ ಮತ್ತು ರಿಫಾರ್ಮ್ಡ್ ಚರ್ಚುಗಳನ್ನು ಒಂದು ಮಾಡಿ, ಎಲ್ಲರೂ ಒಂದೇ ಕ್ರಮದಲ್ಲಿ ಪ್ರಾರ್ಥನೆ ಮಾಡಬೇಕು ಅಂದ. ಒಪ್ಪದವರು ಊರು ಬಿಟ್ಟರು. ಅವರಲ್ಲಿ ಕೆಲವರು 'ಜೀಬ್ರಾ' ಅನ್ನೋ ಹಡಗಿನಲ್ಲಿ ನಾಲ್ಕು ತಿಂಗಳಿಗೂ ಹೆಚ್ಚು ಕಾಲ ಪ್ರಯಾಣ ಮಾಡಿ 1838ರ ಡಿಸೆಂಬರ್ ಕೊನೆಗೆ ಇಲ್ಲಿಗೆ ಬಂದರು. ದಾರಿಯಲ್ಲೇ ಕೆಲವರು ತೀರಿಕೊಂಡಿದ್ದರು. ಇಳಿದವರಿಗೆ ಜಮೀನೂ ಇಲ್ಲ, ಕೈಯಲ್ಲಿ ಕಾಸೂ ಇಲ್ಲ. ಹಡಗಿನ ಕಪ್ತಾನ ಡಿರ್ಕ್ ಹಾನ್ ಅವರ ಊರಿನವನೇನಲ್ಲ. ಜನರನ್ನು ಇಳಿಸಿ ತನ್ನ ಪಾಡಿಗೆ ಹೊರಟುಬಿಡಬಹುದಿತ್ತು. ಆದರೆ ಆತ ನಿಂತು, ಜಮೀನಿನ ಒಡೆಯರ ಜೊತೆ ಮಾತಾಡಿ, ಇವರಿಗೆ ನೆಲೆ ಕೊಡಿಸಿಯೇ ಹೋದ. 1839ರಲ್ಲಿ 50ಕ್ಕೂ ಹೆಚ್ಚು ಕುಟುಂಬಗಳು ಸೇರಿ ಕಟ್ಟಿದ ಊರಿಗೆ ಅವನದೇ ಹೆಸರಿಟ್ಟರು. 'ಡಾರ್ಫ್' ಅಂದ್ರೆ ಹಳ್ಳಿ. ನಮ್ಮಲ್ಲಾಗಿದ್ದರೆ ಹಾನಹಳ್ಳಿ!

ಆ ಊರಿನ ಹೆಂಗಸರು ಬೆಣ್ಣೆ, ಮೊಟ್ಟೆ, ತರಕಾರಿ ಹೊತ್ತು ರಾತ್ರೋರಾತ್ರಿ ಗುಡ್ಡ ಇಳಿದು ಅಡಿಲೇಡಿನ ಸಂತೆಗೆ ನಡೆದೇ ಹೋಗುತ್ತಿದ್ದರಂತೆ. ಆಗಿನ್ನೂ ಕಣ್ಣು ಬಿಡುತ್ತಿದ್ದ ನಗರದ ಹೊಟ್ಟೆ ತುಂಬಿಸಿದವರಲ್ಲಿ ಇವರೂ ಇದ್ದರು.

ಆಮೇಲೆ ಮೊದಲನೇ ಮಹಾಯುದ್ಧ ಬಂತು. ಅಷ್ಟೊತ್ತಿಗೆ ಊರಲ್ಲಿದ್ದವರು ಬಹುಪಾಲು ಇಲ್ಲೇ ಹುಟ್ಟಿದವರು, ಮೊದಲು ಬಂದವರ ಮಕ್ಕಳು, ಮೊಮ್ಮಕ್ಕಳು. ಆದರೂ ಅನುಮಾನ ತಪ್ಪಲಿಲ್ಲ. 1912ರಿಂದ ಊರ ಪಕ್ಕದಲ್ಲೇ ನೆಲೆಸಿ ಇಲ್ಲಿನ ನೀಲಗಿರಿ ಮರಗಳನ್ನು ಚಿತ್ರಿಸುತ್ತಿದ್ದ ಹಾನ್ಸ್ ಹೇಸನ್ ಕೂಡ, ಹುಟ್ಟಿದ್ದು ಹ್ಯಾಂಬರ್ಗಿನಲ್ಲಿ ಅನ್ನೋ ಕಾರಣಕ್ಕೆ ಸಂಶಯಕ್ಕೆ ಗುರಿಯಾದ. 1917ರಲ್ಲಿ ಸರ್ಕಾರ ಲೂಥರನ್ ಶಾಲೆಗಳನ್ನು ಮುಚ್ಚಿಸಿತು. ಅದೇ ವರ್ಷ ಕಾಯ್ದೆಯೊಂದನ್ನು ತಂದು ದಕ್ಷಿಣ ಆಸ್ಟ್ರೇಲಿಯಾದ 69 ಜರ್ಮನ್ ಹೆಸರುಗಳನ್ನು ಅಳಿಸಿತು. ಹಾನ್‌ಡಾರ್ಫ್ ಹೋಗಿ 'ಆಂಬಲ್‌ಸೈಡ್' ಆಯ್ತು, ಇಂಗ್ಲೆಂಡಿನ ಒಂದು ಊರಿನ ಹೆಸರು. ಅಡಿಲೇಡಿನ ಪಕ್ಕದ ಕ್ಲೆಮ್ಜಿಗ್‌ಗೆ ಯುದ್ಧಭೂಮಿ 'ಗಾಜಾ'ದ ಹೆಸರು ಬಂತು. ಎರಡಕ್ಕೂ ಹಳೇ ಹೆಸರು ವಾಪಸ್ ಸಿಕ್ಕಿದ್ದು 1935ರಲ್ಲಿ. ಈಗ ಅದೇ ಜರ್ಮನ್ ಹೆಸರು ತೋರಿಸಿ ವ್ಯಾಪಾರ ಭರ್ಜರಿಯಾಗಿ ನಡೀತಿದೆ ಬಿಡಿ.

ಇಲ್ಲಿಗೇ ಮುಗಿಸಿದ್ದರೆ ಅನ್ಯಾಯ ಸರಿಹೋಯ್ತು ಅಂತ ನೆಮ್ಮದಿಯಿಂದ ಬಸ್ಸು ಹತ್ತಬಹುದಿತ್ತು. ಆದರೆ ಜರ್ಮನ್ನರು ಬರುವ ಮುಂಚೆಯೂ ಈ ಜಾಗ ಖಾಲಿ ಇರಲಿಲ್ಲ. ಇದು ಪೆರಮಾಂಕ್ ಜನರ ನೆಲ, ಅವರು ಇದನ್ನು 'ಬುಕಾರ್ಟಿಲ್ಲಾ' ಅನ್ನುತ್ತಿದ್ದರು. ಕಪ್ತಾನ ಹಾನ್ ಯಾರ ಜೊತೆ ಮಾತಾಡಿ ಜಮೀನು ಕೊಡಿಸಿದನೋ ಆ 'ಒಡೆಯರು' ಕೂಡ ಹೊರಗಿನಿಂದ ಬಂದ ವಲಸಿಗರೇ.

ಹಾನ್‌ಡಾರ್ಫ್ ಹೆಸರನ್ನು ಅಳಿಸೋಕೆ ಒಂದು ಕಾಯ್ದೆಯಾದರೂ ಬೇಕಾಯ್ತು. ಬುಕಾರ್ಟಿಲ್ಲಾಕ್ಕೆ ಅದೂ ಬೇಕಾಗಲಿಲ್ಲ.