ರೊಟ್ಟಿಗೆ ಹತ್ತಿದ ಕಹಿ

ಅವ್ವ ತಂಬಾಕಿನ ವಖಾರಿಯಿಂದ ಬಂದವಳೇ ಬಚ್ಚಲಿಗೆ ಹೋಗುತ್ತಿದ್ದಳು. ಮೊದಲು ಒಲೆಯ ಬೂದಿ, ಆಮೇಲೆ ಹುಣಸೆಹಣ್ಣು, ಕಡೆಗೆ ಸೋಪು. ಮೂರೂ ಹಚ್ಚಿ ಕೈ ತಿಕ್ಕಿ ತೊಳೆದು ರೊಟ್ಟಿ ಬಡಿಯಲು ಕೂಡುತ್ತಿದ್ದಳು. ಆದರೂ ರೊಟ್ಟಿಗೆ ಕಹಿ ಹತ್ತುತ್ತಿತ್ತು. ನಾನು ಮುಖ ಕಿವುಚಿದರೆ, "ಬೆಲ್ಲಾ ಹಚ್ಕೊಂಡ ತಿನ್ನವ್ವಾ, ಗೊತ್ತಾಗೂದಿಲ್ಲ" ಅನ್ನುತ್ತಿದ್ದಳು. ಜೋಳದ ರೊಟ್ಟಿ ತಾನಾಗಿಯೇ ಸಿಹಿ ಇರುತ್ತದೆಂದು ನನಗೆ ತಿಳಿದದ್ದು ಶಿಕ್ಷಕಿಯ ತರಬೇತಿಗೆಂದು ಹಾಸ್ಟೆಲ್ ಸೇರಿದ ಮೇಲೆ. ಆ ದಿನ ಊಟದ ತಾಟಿನ ಮುಂದೆ ಕೂತು ಅತ್ತಿದ್ದು ನೆನಪಿದೆ.

ನಿಪ್ಪಾಣಿಯ ಇತಿಹಾಸ ಕೇಳಿದವರಿಗೆ ನಮ್ಮೂರಿನ ಹಿರಿಯರು ದೇಸಾಯರ ವಾಡೆಯಿಂದ ಶುರು ಮಾಡುತ್ತಾರೆ. ಅದು ಸರಿಯೇ. ಆ ದೇಸಾಯಿ, ಪೇಶ್ವೆಯರ ಸರದಾರರಾಗಿದ್ದ ಸಿಧೋಜಿರಾವ್ ನಿಂಬಾಳ್ಕರ್ ಇಲ್ಲಿ ಕೋಟೆ ಕಟ್ಟಿಸಿ ಆಳಿದರು. 1839ರಲ್ಲಿ ಅವರು ತೀರಿಕೊಂಡರು. ಹೊಟ್ಟೆಯಲ್ಲಿ ಹುಟ್ಟಿದ ವಾರಸುದಾರರಿಲ್ಲವೆಂದು ಕಂಪನಿ ಸರ್ಕಾರ ಸಂಸ್ಥಾನವನ್ನು ತನ್ನ ವಶಕ್ಕೆ ತೆಗೆದುಕೊಂಡಿತು. ಊರು ಮುಂಬೈ ಇಲಾಖೆಗೆ ಸೇರಿತು. ಆದರೆ ನಾನು ಕಂಡ ನಿಪ್ಪಾಣಿಯನ್ನು ಕಟ್ಟಿದವರು ದೇಸಾಯರಲ್ಲ. ತಂಬಾಕು ಬೆಳೆದವರು, ಅದನ್ನು ಕುಟ್ಟಿ ಸೋಸಿದವರು, ಬೀಡಿ ಸುತ್ತಿದವರು ಕಟ್ಟಿದರು. ಅವರ ಕಥೆ ಹೇಳದೆ ಈ ಊರಿನ ಕಥೆ ಪೂರ್ತಿಯಾಗುವುದಿಲ್ಲ.

ನಮ್ಮ ಕಡೆಯ ಕಪ್ಪು ಎರೆ ಮಣ್ಣು ಬೀಡಿ ತಂಬಾಕಿಗೆ ಹೇಳಿ ಮಾಡಿಸಿದ್ದು. ಕಳೆದ ಶತಮಾನದ ಮೊದಲರ್ಧದಲ್ಲಿ ಬೀಡಿ ಬಡವರ ಚಟವಾಗಿ ದೇಶದ ತುಂಬ ಹಬ್ಬಿತು. ವಿದೇಶಿ ಸಿಗರೇಟು ಬಿಡಿ ಎಂದ ಸ್ವದೇಶಿ ಚಳವಳಿಯೂ ಅದಕ್ಕೆ ಒತ್ತು ಕೊಟ್ಟಿತು. ಗುಜರಾತಿನ ಚರೋತರ ಸೀಮೆಯ ತಂಬಾಕು ಬಿಟ್ಟರೆ ಬೀಡಿಗೆ ನಿಪ್ಪಾಣಿಯದೇ ಹೆಸರು. ಗುಜರಾತಿ, ಮರಾಠಿ, ಕನ್ನಡ ವ್ಯಾಪಾರಸ್ಥರು ಇಲ್ಲಿ ನೆಲೆಯೂರಿ, ಪುಣೆ-ಬೆಂಗಳೂರು ರಸ್ತೆಯ ಆಚೀಚೆ ವಖಾರಿಗಳನ್ನು ಎಬ್ಬಿಸಿದರು. ರೈಲು ಇವತ್ತಿಗೂ ಬರದ ಊರು ಇದು. ಆದರೂ ಬೀಡಿ ಸೇದುವವರಿದ್ದ ಊರಲ್ಲೆಲ್ಲ ಇದರ ಹೆಸರು ಗೊತ್ತಿತ್ತು.

ಅಪ್ಪ ಪಾಲಿಗೆ ಹೊಲ ಮಾಡುತ್ತಿದ್ದ. ಮಳೆಗಾಲದಲ್ಲಿ ಸಸಿ ಹಚ್ಚುವುದು. ಗಿಡ ಮೊಳಕಾಲೆತ್ತರ ಬಂದ ಮೇಲೆ ಕುಡಿ ಮುರಿಯುವುದು. ಆಮೇಲೆ ವಾರಕ್ಕೊಮ್ಮೆ ಬಗಲ ಚಿಗುರು ಕೀಳುವುದು. ಕುಡಿ ಮುರಿಯದಿದ್ದರೆ ಗಿಡದ ಕಸುವು ಹೂವಿಗೆ ಹೋಗಿ ಎಲೆ ತೆಳ್ಳಗಾಗುತ್ತದೆ, ಖಾರ ಕೂಡುವುದಿಲ್ಲ. ಆ ಕೆಲಸ ಮಾಡುವಾಗ ಎಲೆಯ ಅಂಟು ಕೈಗೆ ಮೆತ್ತಿ, ಮಣ್ಣು ಕೂಡಿ, ಬೆರಳುಗಳ ಮೇಲೆ ಕರೀ ತೊಗಲಿನ ಹಾಗೆ ಗಟ್ಟಿಯಾಗುತ್ತಿತ್ತು. ಎಲೆಯ ಮೇಲೆ ಕೆಂಪು ಚುಕ್ಕೆ ಮೂಡಿದವೆಂದರೆ ಕೊಯ್ಲು. ಹೊಲದಲ್ಲೇ ಹರವಿ, ಬಿಸಿಲಿಗೂ ಇಬ್ಬನಿಗೂ ಬಿಟ್ಟು ಒಣಗಿಸಿ, ಬಡಿದು ಚೀಲ ತುಂಬಿ ವ್ಯಾಪಾರಿಯ ಬಾಗಿಲಿಗೆ ಒಯ್ಯುವುದು. ದರ ಹೇಳುವವನು ವ್ಯಾಪಾರಿ, ತೂಕ ಮಾಡುವವನು ವ್ಯಾಪಾರಿ, "ಕಡ್ಡಿ ಭಾಳ ಐತಿ" ಎಂದು ತೂಕದಲ್ಲಿ ಮುರಿದುಕೊಳ್ಳುವವನೂ ಅವನೇ. ರೊಕ್ಕ ಕೈಗೆ ಬರುವುದು ಅವನಿಗೆ ಮನಸ್ಸು ಬಂದಾಗ. ಅಪ್ಪನ ಮಾಲು ಒಮ್ಮೆ ಜನವರಿಯಲ್ಲಿ ಹೋಗಿ, ದುಡ್ಡು ಗಣಪತಿ ಹಬ್ಬಕ್ಕೆ ಬಂತು.

ಅಪ್ಪ ಹಾಕಿ ಬಂದ ಚೀಲ ವಖಾರಿಯೊಳಗೆ ಅವ್ವನ ಮುಂದೆ ಬಿಚ್ಚಿಕೊಳ್ಳುತ್ತಿತ್ತು. ಶಾಲೆಗೆ ರಜೆ ಇದ್ದಾಗ ನಾನು ಬುತ್ತಿ ಕೊಡಲು ಹೋಗಿದ್ದೇನೆ. ಉದ್ದನ್ನ ಕೋಣೆ, ತಗಡಿನ ಮಾಡು. ಪುಡಿ ಹಾರಿಹೋಗಬಾರದೆಂದು ಕಿಟಕಿ ಮುಚ್ಚಿರುತ್ತಿದ್ದವು. ಒಳಗೆ ಸಾಲಾಗಿ ಹೆಂಗಸರು. ಕೆಲವರು ಕುಟ್ಟುವವರು, ಕೆಲವರು ಜರಡಿ ಹಿಡಿಯುವವರು, ಕೆಲವರು ಮೊರದಲ್ಲಿ ಕೇರಿ ಕಡ್ಡಿ ತೆಗೆಯುವವರು. ಮೂಗು ಬಾಯಿಗೆ ಸೀರೆಯ ಸೆರಗು ಕಟ್ಟಿದ್ದರಿಂದ ಕಣ್ಣಷ್ಟೇ ಕಾಣುತ್ತಿದ್ದವು. ಆ ಕಣ್ಣಿನ ರೆಪ್ಪೆಗಳ ಮೇಲೂ ಹಳದಿ ಧೂಳು. ಅಷ್ಟು ಜನರಲ್ಲಿ ಅವ್ವ ಯಾರೆಂದು ಗುರುತಿಸಲಾಗದೆ ನಾನು ಬಾಗಿಲಲ್ಲೇ ನಿಂತುಬಿಟ್ಟಿದ್ದೆ. ಅವಳೇ ಕೆಮ್ಮಿದಳು. ಕೆಮ್ಮಿನಿಂದ ಗುರುತು ಹಿಡಿದೆ.

ಕೆಲಸದ ಮೇಲ್ವಿಚಾರಣೆಯ ಮುಕಾದಮನ ಬಾಯಲ್ಲಿ ಒಳ್ಳೆಯ ಮಾತೇ ಇರಲಿಲ್ಲ. ಎದ್ದು ಹೊರಗೆ ಹೋಗಬೇಕಾದರೆ ಅವನನ್ನು ಕೇಳಬೇಕು. ಸಂಜೆ ಬಾಗಿಲಲ್ಲಿ ಸೀರೆ ಝಾಡಿಸಿ ತೋರಿಸಬೇಕು, ತಂಬಾಕು ಕದ್ದಿಲ್ಲವೆಂದು. ಆ ತಪಾಸಣೆಯ ನೆವದಲ್ಲಿ ಎಂಥ ಕೈಗಳು ಮೈಮುಟ್ಟುತ್ತಿದ್ದವು ಎಂಬುದನ್ನು ಅವ್ವ ನನಗೆ ಹೇಳಿದ್ದು ನನ್ನ ಮದುವೆಯಾದ ಮೇಲೆ, ಅದೂ ಒಂದೇ ಸಲ. ಅಲ್ಲಿ ದುಡಿಯುತ್ತಿದ್ದವರು ಬಹುಪಾಲು ದಲಿತರು, ಮುಸ್ಲಿಮರು, ಗಂಡ ಬಿಟ್ಟವರು, ಮುತ್ತು ಕಟ್ಟಿಸಿಕೊಂಡ ದೇವದಾಸಿಯರು. ಒಂದೇ ಜರಡಿಯ ಸುತ್ತ ಕನ್ನಡ, ಮರಾಠಿ, ಉರ್ದು ಮೂರೂ ಓಡಾಡುತ್ತಿದ್ದವು. ಮೂರು ಭಾಷೆಯಲ್ಲೂ ಬೈಗುಳ ತಿನ್ನುವವರು ಮಾತ್ರ ಅವರೇ.

ಈ ಹೆಂಗಸರು ಮುಂದೆ ಎದ್ದು ನಿಂತರು. ಆದರೆ ಈ ಊರಿನ ಕೆಳಗಿನವರು ಎದ್ದು ನಿಂತದ್ದು ಅದೇ ಮೊದಲೇನಲ್ಲ. 1925ರ ಏಪ್ರಿಲ್‌ನಲ್ಲಿ ಮುಂಬೈ ಇಲಾಖೆಯ ಬಹಿಷ್ಕೃತ ಪರಿಷತ್ತು ನಿಪ್ಪಾಣಿಯಲ್ಲೇ ಸೇರಿತ್ತು. ಡಾ. ಬಾಬಾಸಾಹೇಬ ಅಂಬೇಡ್ಕರರು ಬಂದು ಮಾತಾಡಿದ್ದರು. ಮಹಾಡದ ಕೆರೆಯ ಸತ್ಯಾಗ್ರಹಕ್ಕೆ ಇನ್ನೂ ಎರಡು ವರ್ಷವಿತ್ತು. ಅವರ ಒಡನಾಡಿಯಾಗಿದ್ದ ಬಳವಂತರಾವ್ ವರಾಳೆಯವರ ಮೊಮ್ಮಗ, ನಿಪ್ಪಾಣಿಯಲ್ಲೇ ಹುಟ್ಟಿದ ಪ್ರಸನ್ನ ವರಾಳೆ 2024ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾದರು. ಶಾಲೆಯಲ್ಲಿ ನಾನು ಮಕ್ಕಳಿಗೆ ಈ ಎರಡನ್ನೂ ಜೋಡಿಸಿಯೇ ಹೇಳುತ್ತೇನೆ.

ವಖಾರಿಯ ಹೆಂಗಸರು ಸಂಘ ಕಟ್ಟಿದ್ದು 1980ರ ಆಸುಪಾಸಿನಲ್ಲಿ. ಪ್ರೊ. ಸುಭಾಷ್ ಜೋಶಿಯವರು ಮುಂದೆ ನಿಂತರು. ನಂತರದ ವರ್ಷಗಳಲ್ಲಿ ಅವರು ಶಾಸಕರೂ ಆದರು. ಆದರೆ ಸಂಜೆ ಕತ್ತಲಾದ ಮೇಲೆ ಮನೆಮನೆಗೆ ಹೋಗಿ "ನಾಳಿ ಯಾರೂ ಒಳಗ ಹೋಗಬ್ಯಾಡ್ರಿ" ಎಂದವರು ಅವ್ವನಂಥವರೇ. ಮೊದಲ ದಿನ ಅವ್ವ ಹೆದರಿದ್ದಳು. ಅಪ್ಪನೂ, "ಪಗಾರ ನಿಂತ್ರ ಏನ್ ತಿನ್ನೂದ?" ಎಂದ. ಅದಕ್ಕೆ ಅವಳು, "ಈಗ ಏನ್ ಹೊಟ್ಟಿ ತುಂಬ ತಿನ್ನಾಕತ್ತೀವಿ?" ಎಂದು ತಿರುಗಿ ಕೇಳಿದಳು. ಅವಳು ಅಪ್ಪನಿಗೆ ಎದುರಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಆ ದಿನಗಳ ಸಾಕ್ಷಿ ಉಳಿದಿದೆ. ದೀಪಾ ಧನರಾಜ್ ಮತ್ತು ಅವರ ಗೆಳತಿಯರ 'ಯುಗಾಂತರ್' ತಂಡ ನಿಪ್ಪಾಣಿಗೆ ಬಂದು, ನಾಲ್ಕು ತಿಂಗಳು ಈ ಹೆಂಗಸರ ಜತೆ ಇದ್ದು, ಅವರ ಮಾತು ಕೇಳಿ, ವಖಾರಿಯ ಒಳಗೂ ಕ್ಯಾಮೆರಾ ಹಿಡಿದು, 1982ರಲ್ಲಿ 'ತಂಬಾಕೂ ಚಾಕಿಲಾ ಊಬ್ ಆಲಿ' ಎಂಬ ಸಾಕ್ಷ್ಯಚಿತ್ರ ಮಾಡಿತು. ಅಸಂಘಟಿತ ಕಾರ್ಮಿಕರ ದೊಡ್ಡ ಹೋರಾಟಗಳ ಮಾತು ಬಂದಾಗ ಇಂದಿಗೂ ಆ ಚಿತ್ರದ ಹೆಸರು ಬರುತ್ತದೆ. ನಮ್ಮೂರಿನ ಎಷ್ಟು ಮಂದಿ ಅದನ್ನು ನೋಡಿದ್ದಾರೆ?

1981ರ ಮಾರ್ಚಿನಲ್ಲಿ ರೈತರೂ ಎದ್ದರು. ಶೇತಕರಿ ಸಂಘಟನೆಯ ಶರದ್ ಜೋಶಿಯವರ ನೇತೃತ್ವದಲ್ಲಿ ತಂಬಾಕಿಗೆ ತಕ್ಕ ಬೆಲೆ ಕೇಳಿ ಸಾವಿರ ಸಾವಿರ ಮಂದಿ ಹೆದ್ದಾರಿಯ ಮೇಲೆಯೇ ಕುಳಿತರು. ಚಕ್ಕಡಿಗಳು ಅಡ್ಡ ನಿಂತವು, ರಸ್ತೆಯ ಮೇಲೆ ಒಲೆ ಹೂಡಿದರು, ರಾತ್ರಿ ಭಜನೆ. ಪುಣೆ-ಬೆಂಗಳೂರು ಲಾರಿಗಳು ಸುತ್ತು ಹಾಕಿ ಹೋಗಬೇಕಾಯಿತು. ನಾನಾಗ ಹೈಸ್ಕೂಲಿನಲ್ಲಿದ್ದೆ. ಅವ್ವ ಇಪ್ಪತ್ತು ರೊಟ್ಟಿ, ಒಂದು ಗಂಗಾಳ ಝುಣಕ ಅರಿವೆಯಲ್ಲಿ ಕಟ್ಟಿ ಕೊಡುತ್ತಿದ್ದಳು, ನಾನು ತಲೆಯ ಮೇಲೆ ಹೊತ್ತು ಒಯ್ಯುತ್ತಿದ್ದೆ. ಅಲ್ಲಿ ಕೂತವರಲ್ಲಿ ಮರಾಠಿಯವರು ಯಾರು, ಕನ್ನಡದವರು ಯಾರು ಎಂದು ಯಾರೂ ಕೇಳಲಿಲ್ಲ. ಗಡಿಯ ಹೆಸರಿನಲ್ಲಿ ಒಬ್ಬರ ಮುಖ ಒಬ್ಬರು ನೋಡದ ಊರಿನಲ್ಲಿ ಅದು ಸಣ್ಣ ಸಂಗತಿಯಲ್ಲ. ಮೂರು ವಾರ ದಾಟಿದ ಮೇಲೆ, ಏಪ್ರಿಲ್ 6ರಂದು, ಪೊಲೀಸರು ಗುಂಡು ಹಾರಿಸಿದರು. 12 ರೈತರು ಸತ್ತರು. ಅಪ್ಪ ಅಂದು ರಾತ್ರಿ ಮನೆಗೆ ಬರಲಿಲ್ಲ. ಎರಡು ದಿನ ಬಿಟ್ಟು, ಚಪ್ಪಲಿಯಿಲ್ಲದೆ, ಹೊಲಗಳ ಹಾದಿ ಹಿಡಿದು ಬಂದ. ಹಿಂದಿನ ವರ್ಷವಷ್ಟೇ ನರಗುಂದ, ನವಲಗುಂದದಲ್ಲಿ ಗುಂಡು ಹಾರಿತ್ತು. ಆ ಸುದ್ದಿ ಓದಿ ನಾವು ಬೇರೆ ಯಾರದೋ ಊರಿನ ಕಥೆ ಎಂದುಕೊಂಡಿದ್ದೆವು.

ಗಡಿಯ ಮಾತು ಬಂದಿದ್ದರಿಂದ ಅದನ್ನೂ ಹೇಳಿಬಿಡುತ್ತೇನೆ. 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಬಂದೆವು. 1967ರ ಮಹಾಜನ್ ವರದಿ ನಿಪ್ಪಾಣಿ ಮಹಾರಾಷ್ಟ್ರಕ್ಕೆ ಹೋಗಲಿ ಎಂದಿತು. ಬೆಳಗಾವಿ ನಗರ ಸಿಗಲಿಲ್ಲವೆಂದು ಮಹಾರಾಷ್ಟ್ರವೇ ಆ ವರದಿಯನ್ನು ಒಪ್ಪಲಿಲ್ಲ. 2004ರಿಂದ ಸುಪ್ರೀಂ ಕೋರ್ಟಿನಲ್ಲಿ ದಾವೆ ಇದೆ. ನಮ್ಮೂರ ಮಕ್ಕಳು ತಲೆಮಾರುಗಳಿಂದ ಓದುವ ದೇವಚಂದ ಕಾಲೇಜು ಗಡಿಯ ಆಚೆ ಅರ್ಜುನನಗರದಲ್ಲಿ, ಕೊಲ್ಹಾಪುರ ಜಿಲ್ಲೆಯಲ್ಲಿದೆ. ಬೆಳಗ್ಗೆ ಮಹಾರಾಷ್ಟ್ರದಲ್ಲಿ ಪಾಠ, ಮಧ್ಯಾಹ್ನ ಕರ್ನಾಟಕದಲ್ಲಿ ಊಟ. ನಮ್ಮ ಬದುಕು ಹಾಗೆಯೇ ನಡೆದಿದೆ. ಊರಿನ ಪ್ರಶ್ನೆಗಳನ್ನು ಮುಚ್ಚಿಡಲು ಗಡಿಯ ಜಗಳ ಹೊದಿಕೆಯಾಗಿ ಬಳಕೆಯಾಯಿತೆಂಬುದು ನನ್ನ ಗಟ್ಟಿ ನಂಬಿಕೆ. ವಖಾರಿಯ ಕೆಮ್ಮಿಗೆ ಭಾಷೆ ಇರಲಿಲ್ಲ.

ನಾನು ಶಿಕ್ಷಕಿಯಾಗಿ ಚಿಕ್ಕೋಡಿ, ರಾಯಬಾಗ ಕಡೆಯ ಹಳ್ಳಿಗಳಲ್ಲಿ ಕೆಲಸ ಮಾಡಿದೆ. ಮೊದಲ ಶಾಲೆಯಲ್ಲಿ ಜೂನ್ ತಿಂಗಳ ಒಂದು ದಿನ ತಾಯಿಯೊಬ್ಬಳು ಮಗಳನ್ನು ಹೆಸರು ಹಚ್ಚಲು ಕರೆತಂದಳು. ದಾಖಲಾತಿ ಪುಸ್ತಕದಲ್ಲಿ "ತಂದೆಯ ಹೆಸರು" ಎಂದಿದ್ದ ಕಡೆ ನನ್ನ ಪೆನ್ನು ನಿಂತಿತು. ಅವಳ ಕೊರಳಲ್ಲಿ ಕೆಂಪು ಬಿಳಿ ಮುತ್ತಿತ್ತು. "ಯಲ್ಲವ್ವ ಅಂತ ಬರೀರಿ ಅಕ್ಕಾರ" ಎಂದಳು. ನಾನು ದೇವಿಯ ಹೆಸರನ್ನೇ ಬರೆದೆ. ಆ ಹುಡುಗಿ ಏಳನೇ ಇಯತ್ತೆಗೆ ಬರುವಷ್ಟರಲ್ಲಿ ಶಾಲೆ ಬಿಟ್ಟಳು. ಮನೆಗೆ ಹೋದರೆ ಊರಲ್ಲಿಲ್ಲ ಎಂದರು. ಎರಡನೆಯ ಸಲ ಹೋಗಿ ಕೇಳಲಿಲ್ಲವಲ್ಲ ಎಂಬ ನೋವು ಇನ್ನೂ ಇದೆ.

ಮುಂಬೈ ಇಲಾಖೆ ದೇವದಾಸಿ ಪದ್ಧತಿಯ ವಿರುದ್ಧ 1934ರಲ್ಲೇ ಕಾನೂನು ಮಾಡಿತ್ತು. ನಿಪ್ಪಾಣಿ, ಅಥಣಿ, ಚಿಕ್ಕೋಡಿ ಸೀಮೆ ಅದೇ ಇಲಾಖೆಯಲ್ಲಿದ್ದವು. ಅಂದರೆ ನಮ್ಮವ್ವ ಹುಟ್ಟುವ ಹೊತ್ತಿಗೇ ಮುತ್ತು ಕಟ್ಟುವುದು ಅಪರಾಧ. ಆದರೂ ಕಟ್ಟಿದರು. ಕರ್ನಾಟಕದ ಕಾನೂನು 1982ರದು. ಅದಾದ ಮೇಲೂ ಕದ್ದು ಕಟ್ಟಿದರು. ಕಾನೂನು ಕಾಗದದಿಂದ ಇಳಿದು ಓಣಿಗೆ ಬಂದದ್ದು, ಮುತ್ತು ಕಟ್ಟಿಸಿಕೊಂಡವರೇ ಅದನ್ನು ಕೈಗೆ ತೆಗೆದುಕೊಂಡಾಗ. ಚಿಕ್ಕೋಡಿ ತಾಲೂಕಿನ ಕಬ್ಬೂರಿನ ಸೀತವ್ವ ಜೋಡಟ್ಟಿಯವರನ್ನು ಏಳನೇ ವಯಸ್ಸಿನಲ್ಲಿ ದೇವರಿಗೆ ಬಿಟ್ಟಿದ್ದರು. ಅವರು ತಮ್ಮಂಥ ಹೆಂಗಸರನ್ನು ಕೂಡಿಸಿಕೊಂಡು 1997ರಲ್ಲಿ ಘಟಪ್ರಭೆಯಲ್ಲಿ ಶುರುವಾದ 'ಮಾಸ್', ಅಂದರೆ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆಯನ್ನು ಬೆಳೆಸಿದರು. ಮುತ್ತು ಕಟ್ಟುವ ಸುಳಿವು ಸಿಕ್ಕರೆ ಆ ಮನೆಯ ಬಾಗಿಲಿಗೆ ಹೋಗಿ ಕೂತು ತಡೆದವರು ಅವರು. 2018ರಲ್ಲಿ ಪದ್ಮಶ್ರೀ ಬಂತು. ಟಿ.ವಿ.ಯಲ್ಲಿ ಅದನ್ನು ನೋಡಿದ ದಿನ ನಾನು ಆ ದಾಖಲಾತಿ ಪುಸ್ತಕವನ್ನು ನೆನೆದೆ.

ಈಗ ವಖಾರಿಗಳು ಕಡಿಮೆಯಾಗಿವೆ. ತಂಬಾಕಿನ ಹೊಲಗಳಲ್ಲಿ ಕಬ್ಬು, ಸೋಯಾಬೀನ್. ವೇದಗಂಗೆ, ದೂಧಗಂಗೆಯ ನೀರು ಹತ್ತಿದ ಕಡೆಯೆಲ್ಲ ರೈತ ಹಾಲಸಿದ್ಧನಾಥ ಸಕ್ಕರೆ ಕಾರ್ಖಾನೆಯತ್ತ ಮುಖ ಮಾಡಿದ್ದಾನೆ. ಬೀಡಿಗೆ ಎಚ್ಚರಿಕೆಯ ಚಿತ್ರ ಬಂತು, 2017ರಲ್ಲಿ ಶೇ 28ರ ಜಿ.ಎಸ್.ಟಿ. ಬಂತು. ತಂಬಾಕು ಹೋಗಲಿ, ಹೋಗಬೇಕಾದದ್ದೇ. ಸೇದಿದವರ ಎದೆಗೂ ಸೋಸಿದವರ ಎದೆಗೂ ಅದು ಮಾಡಿದ ಕೇಡು ಕಣ್ಣಾರೆ ಕಂಡಿದ್ದೇನೆ. ಆದರೆ ಮನೆಯಲ್ಲಿ ಕೂತು ಬೀಡಿ ಸುತ್ತುವ ಹೆಂಗಸು ಎಲ್ಲಿ ಹೋಗಬೇಕು? ಅವಳು ಎಲೆ ನೆನೆಸಿ, ತಗಡಿನ ಅಳತೆಗೆ ಕತ್ತರಿಸಿ, ತಂಬಾಕು ತುಂಬಿ, ಸುತ್ತಿ, ದಾರ ಕಟ್ಟಿ, ಸಾವಿರ ಎಣಿಸಿ ಒಯ್ದರೆ, ಛಾಟ್, ಅಂದರೆ ಕಳಪೆ, ಎಂದು ಒಂದಿಷ್ಟು ಪಕ್ಕಕ್ಕೆ ಸರಿಸುತ್ತಾರೆ. ಕೊಟ್ಟ ಎಲೆ ಸಾವಿರಕ್ಕೆ ಸಾಲದಿದ್ದರೆ ಕಮ್ಮಿ ಬಿದ್ದದ್ದು ಅವಳ ಕೈಯಿಂದ. ಬೀಡಿ ಕಾರ್ಮಿಕರ ಕಾಯಿದೆ 1966ರಲ್ಲಿ ಬಂತು, ಕಲ್ಯಾಣ ನಿಧಿ 1976ರಲ್ಲಿ. ಗುರುತಿನ ಚೀಟಿ ಇದ್ದವರಿಗೆ ಆಸ್ಪತ್ರೆ, ಮಕ್ಕಳ ವಿದ್ಯಾರ್ಥಿವೇತನ ಸಿಕ್ಕಿವೆ. ಚೀಟಿ ಇಲ್ಲದವರ ಲೆಕ್ಕ ಯಾರ ಪುಸ್ತಕದಲ್ಲೂ ಇಲ್ಲ.

ನಿಪ್ಪಾಣಿ 2018ರಲ್ಲಿ ತಾಲೂಕು ಆಯಿತು, ಕಾಗವಾಡವೂ ಆಯಿತು. ಕಚೇರಿಗಳು ಹತ್ತಿರ ಬಂದವು. ನನ್ನ ಭರವಸೆ ಇರುವುದು ಕಚೇರಿಗಳ ಮೇಲಷ್ಟೇ ಅಲ್ಲ. ಅವ್ವನ ಜತೆ ಜರಡಿ ಹಿಡಿದವರ ಮೊಮ್ಮಕ್ಕಳು ಇಂದು ನರ್ಸ್, ವಕೀಲ, ಕಂಡಕ್ಟರ್ ಆಗಿದ್ದಾರೆ. ಆ ಹೆಂಗಸರು ಒಂದು ಬೆಳಗ್ಗೆ ಒಳಗೆ ಹೋಗದೆ ಬಾಗಿಲಲ್ಲಿ ನಿಂತದ್ದರಿಂದ ಅದು ಶುರುವಾಯಿತು.

ನಗರಸಭೆಯವರಲ್ಲಿ, ಊರಿನ ಹಿರಿಯರಲ್ಲಿ ನನ್ನದೊಂದು ಬೇಡಿಕೆ. ಹಳೆಯ ವಖಾರಿಗಳು ಒಂದೊಂದಾಗಿ ಬಿದ್ದು ಅಂಗಡಿ ಸಾಲುಗಳಾಗುತ್ತಿವೆ. ಒಂದನ್ನಾದರೂ ಉಳಿಸಿಕೊಳ್ಳಿ. ಅದರ ಗೋಡೆಯ ಮೇಲೆ ಅಲ್ಲಿ ದುಡಿದ ಹೆಂಗಸರ ಹೆಸರು ಬರೆಸಿ, ಯುಗಾಂತರ್‌ನ ಆ ಚಿತ್ರವನ್ನು ವರ್ಷಕ್ಕೊಮ್ಮೆ ಮಕ್ಕಳಿಗೆ ತೋರಿಸಿ. ಬದುಕಿರುವವರು ಈಗ ಎಪ್ಪತ್ತು, ಎಂಬತ್ತು ದಾಟಿದ್ದಾರೆ. ಪಗಾರ ಪುಸ್ತಕದಲ್ಲಿ ಅವರದು ಹೆಬ್ಬೆಟ್ಟಿನ ಗುರುತಷ್ಟೇ ಇತ್ತು. ಹೆಸರು ಅವರ ಬಾಯಿಂದಲೇ ಕೇಳಿ ಬರೆದುಕೊಳ್ಳಬೇಕು. ತಡ ಮಾಡಬೇಡಿ.